ಗಾಳಿ ತೆಗೆದ ಬ್ಯಾಟರಿ

ನನ್ನ ಗಂಡನನ್ನು ಬೀದಿಯವರೆಲ್ಲ ಬ್ಯಾಟರಿ ಡಾಕ್ಟ್ರು ಅಂತ ಕರೆಯುತ್ತಾರೆ. ಡಾಕ್ಟರಂತೆ, ಡಾಕ್ಟರು! ಮೂವತ್ತು ವರ್ಷ ಆ ಮನುಷ್ಯನ ಅಂಗಿ ಒಗೆದವಳು ನಾನು. ಆಸಿಡ್ ಬಿದ್ದು ತೂತಾಗದ ಒಂದು ಅಂಗಿಯನ್ನೂ ಕಂಡಿಲ್ಲ. ಲಾರಿಗೆ, ಟ್ರ್ಯಾಕ್ಟರಿಗೆ ಹಾಕುವ, ನೀರು ತುಂಬುವ ದಪ್ಪ ಬ್ಯಾಟರಿಗಳ ಕಾಲದಲ್ಲಿ ಬಂದ ಹೆಸರು ಅದು. ಈಗ ಅಂಥ ಬ್ಯಾಟರಿ ಹೊತ್ತು ತರುವವರು ವಾರಕ್ಕೊಬ್ಬರೂ ಇಲ್ಲ. ಹೆಸರು ಉಳಿದಿದೆ. ಹೆಸರಿಗಿಂತ ಎರಡು ಪಾಲು ಜಂಬ ಉಳಿದಿದೆ.

ನಮ್ಮದು ಉದ್ದಕ್ಕೆ ಮೂರು ಕೋಣೆಯ ಮನೆ. ಬೀದಿ ಕಡೆಯದು ಅವರ ಅಂಗಡಿ. ನಡುವಿನದರಲ್ಲಿ ನಮ್ಮತ್ತೆಯ ಮಂಚ, ಮಂಚದ ಮೇಲೆ ನಮ್ಮತ್ತೆ, ಅವರ ಕಿವಿಯ ಹತ್ತಿರ ಅಂಗೈಯಷ್ಟು ರೇಡಿಯೋ. ಹಿಂದಿನದು ಅಡುಗೆಮನೆ, ಅದರಾಚೆ ಹಿತ್ತಿಲು. ಹಿತ್ತಿಲಲ್ಲಿ ನಾನು ದೊಡ್ಡ ಬಾಣಲೆಗೆ ಮರಳು ಹಾಕಿ ಕಡಲೆಕಾಯಿ ಬೀಜ ಹುರಿಯುತ್ತೇನೆ. ಉಪ್ಪು ಹಚ್ಚಿ, ಪ್ಯಾಕೆಟಿಗೆ ತುಂಬಿ, ಕರೆಂಟಿನ ಸೀಲಿಂಗ್ ಮಷೀನಿನಲ್ಲಿ ಬಾಯಿ ಅಂಟಿಸಿ ಚಹಾ ಅಂಗಡಿಗಳಿಗೆ ಕೊಟ್ಟು ಬರುತ್ತೇನೆ. ಮಗಳು ಎರಡು ವರ್ಷದಿಂದ ಬ್ಯಾಟರಿ ಫ್ಯಾಕ್ಟರಿಗೆ ಹೋಗುತ್ತಿದ್ದಾಳೆ. ಮನೆ ನಡೆಯುವುದು ಅವಳ ಸಂಬಳದಲ್ಲಿ. ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿದರೆ ಡಾಕ್ಟ್ರಿಗೆ ಅನ್ನ ಇಳಿಯುವುದಿಲ್ಲ.

ಶುರುವಾದದ್ದು ಊಟದ ಹೊತ್ತಿನಲ್ಲಿ. ಮಗಳು ಆವತ್ತು ಕೈ ತೊಳೆಯುವ ಮೊದಲೇ ಮಾತು ಶುರು ಮಾಡಿದಳು.

"ಅಪ್ಪ, ಇವತ್ತು ನಮ್ಮ ಫ್ಯಾಕ್ಟರೀಲಿ ಹೊಸ ಬ್ಯಾಟರಿಗೆ ಮೊಳೆ ಹೊಡೆದು ತೋರಿಸಿದ್ರು. ಈ ಕಡೆಯಿಂದ ಆ ಕಡೆಗೆ! ಬೆಂಕಿ ಇರಲಿ, ಹೊಗೆ ಕೂಡ ಬರಲಿಲ್ಲ. ಅದಕ್ಕೆ ಸಿಕ್ಕಿಸಿದ್ದ ಬಲ್ಬು ಉರೀತಾನೇ ಇತ್ತು."

"ಒಳಗೆ ಏನಿದೆಯಂತೆ?" ಅಂದರು ಇವರು, ತಟ್ಟೆ ನೋಡುತ್ತಲೇ.

"ಹಳೇದ್ರಲ್ಲಿ ದ್ರವ ಇರುತ್ತಲ್ಲ, ಕಿಡಿ ತಾಗಿದ್ರೆ ಪೆಟ್ರೋಲ್ ಥರ ಹತ್ಕೊಳ್ಳುತ್ತೆ. ಇದ್ರಲ್ಲಿ ಹಾಗಲ್ಲ, ಪಾಲಿಮರ್ರು, ಅಂದ್ರೆ ಒಂಥರಾ ಪ್ಲಾಸ್ಟಿಕ್ಕು, ಗಟ್ಟಿ ಅಂಟಿನ ಥರ ಕೂತಿರುತ್ತೆ. ಸೋರಲ್ಲ, ಬೇಗ ಊದಲ್ಲ. ಇನ್ನೂ ಪೇಟೆಗೆ ಬಂದಿಲ್ಲ. ಬಂದ ಮೇಲೆ ನೋಡು ಬೇಕಾದ್ರೆ."

"ನಮ್ಮಮ್ಮ ಕಾಯಿಸ್ತಿದ್ದ ಗಂಜೀನೂ ಹಂಗೇ ಇತ್ತು," ಅಂದರು ಅತ್ತೆ ಮಂಚದಿಂದ. "ಮೊಳೆ ಹೊಡೆದ್ರೂ ಸೋರ್ತಿರಲಿಲ್ಲ."

ಎಲ್ಲರೂ ನಕ್ಕೆವು. ಮಗಳಿಗೆ ಇನ್ನೂ ಹುರುಪು ಬಂತು. ತಾನು ಮಾಡುವ ಕೆಲಸ ಹೇಳಿದಳು. ಅವರು ದಿನಾ ಮಾಡುವ ಬ್ಯಾಟರಿಗಳು ಗಟ್ಟಿ ಡಬ್ಬಿಯಲ್ಲಿರುವುದಿಲ್ಲವಂತೆ, ಬೆಳ್ಳಿ ಬಣ್ಣದ ತೆಳು ಚೀಲದಲ್ಲಿ ಇರುತ್ತವಂತೆ. ಮೊದಲನೆಯ ಸಲ ಚಾರ್ಜ್ ಮಾಡಿದಾಗ ಒಳಗೆ ಗಾಳಿ ಹುಟ್ಟುತ್ತದೆ. ಅದಕ್ಕೆಂದೇ ಚೀಲದ ಪಕ್ಕದಲ್ಲಿ ಒಂದು ಜೇಬು ಬಿಟ್ಟಿರುತ್ತಾರೆ. ಆ ಜೇಬಿಗೆ ತೂತು ಮಾಡಿ, ಗಾಳಿ ಎಳೆದು, ಒಳಭಾಗವನ್ನು ಮತ್ತೆ ಅಂಟಿಸಿ, ಜೇಬನ್ನು ಕತ್ತರಿಸಿ ಹಾಕುತ್ತಾರೆ. ಅಂಟಿಸುವ ಮಷೀನಿನ ಮೇಲೆ ಇರುವವಳು ನಮ್ಮ ಹುಡುಗಿ.

ಸುಮ್ಮನೆ ಬಡಿಸಿಕೊಂಡು ಇರಬೇಕಿತ್ತು ನಾನು. ಇರಲಿಲ್ಲ. "ನನ್ನ ಕಡಲೆಕಾಯಿ ಮಷೀನ್ ಥರಾನೇನೇ?" ಅಂದೆ.

"ನಿನ್ನ ಮಷೀನೇ ಅಮ್ಮ! ಸ್ವಲ್ಪ ದಪ್ಪ, ಸ್ವಲ್ಪ ಕೊಬ್ಬು ಜಾಸ್ತಿ," ಅಂತ ನಕ್ಕಳು.

ಇವರ ಕೈ ತುತ್ತಿನ ಜೊತೆ ಅಲ್ಲೇ ನಿಂತಿತ್ತು. ನಾನು ನೋಡಿದೆ. ಬೇಳೆ ಸಾರಿಗೆ ಉಪ್ಪು ಹೆಚ್ಚಾಯಿತೇನೋ ಅಂದುಕೊಂಡೆ.

ಮಾರನೆಯ ವಾರದಿಂದ ಅಂಗಡಿಗೆ ಜೀವ ಬಂತು. ಅದಕ್ಕೆ ಮೊದಲು ಏನಾಗುತ್ತಿತ್ತು ಅಂದರೆ, ಜನ ಕೆಟ್ಟ ಚಾರ್ಜ್ ದೀಪ, ಸಣ್ಣ ಸ್ಪೀಕರು, ಟಾರ್ಚು ತಂದು ಮುಂದಿಡುತ್ತಿದ್ದರು. ಬಿಚ್ಚಿ ನೋಡಿದರೆ ಒಳಗಿನ ಬೆಳ್ಳಿ ಚೀಲ ತುಂಬಿದ ದಿಂಬಿನ ಹಾಗೆ ಊದಿರುತ್ತಿತ್ತು. ಇವರು ತಲೆಯಾಡಿಸಿ "ಹೋಯ್ತು, ಎಸೀರಿ" ಅನ್ನುತ್ತಿದ್ದರು. ಜನ ಮುಖ ಗಂಟು ಹಾಕಿಕೊಂಡು ಹೋಗುತ್ತಿದ್ದರು. ಎಸೆಯಲು ಹೇಳುವುದಕ್ಕೆ ಡಾಕ್ಟ್ರು ಯಾಕೆ ಬೇಕು? ಈಗ ನೋಡಿದರೆ "ಸಂಜೆ ಬಾ, ರೆಡಿ ಇರುತ್ತೆ" ಅನ್ನತೊಡಗಿದರು. ಜನ ಬಿಟ್ಟುಹೋದ ಹಳೆಯ ಸಾಮಾನುಗಳೂ ಮೂಲೆಯ ಡಬ್ಬದಿಂದ ಎದ್ದು ಬಂದು ಕಪಾಟಿನಲ್ಲಿ ಮಾರಾಟಕ್ಕೆ ಸಾಲಾಗಿ ಕೂತವು. ಇವರು ಶಿಳ್ಳೆ ಹಾಕುತ್ತಾ ಸ್ನಾನಕ್ಕೆ ಹೋಗುವುದು ನಾನು ಎಷ್ಟೋ ವರ್ಷದ ಮೇಲೆ ಕೇಳಿದೆ. ಒಂದು ದಿನ ಮೀನು ತಂದರು. ನಾನು ಕೇಳದೆಯೇ ನನಗೆ ಒಂದು ಜೊತೆ ಚಪ್ಪಲಿ ತಂದರು, ಒಂದಂಗುಲ ದೊಡ್ಡದು. ಆದರೂ ಹಾಕಿಕೊಂಡು ಓಡಾಡಿದೆ. ಯಾಕೆ ಸುಳ್ಳು ಹೇಳಲಿ, ಖುಷಿಯಾಗಿತ್ತು.

ನಾನು ಬೆಳಿಗ್ಗೆ ಪ್ಯಾಕೆಟ್ ಕೊಡಲು ಹೋದಾಗ ಇವರು ಮನೆಯಲ್ಲಿ ಏನು ಮಾಡುತ್ತಿದ್ದರು ಅಂತ ನಾನು ಕೇಳಲಿಲ್ಲ. ಇವರು ಊಟಕ್ಕೆ ಒಳಗೆ ಬಂದಾಗ ನಾನು ಅಂಗಡಿಯಲ್ಲಿ ಕೂರುತ್ತಿದ್ದೆ. ಅಂಥ ಒಂದು ಮಧ್ಯಾಹ್ನ ಸೊಂಟದ ಮೇಲೆ ಕೂಸು ಇಟ್ಟುಕೊಂಡ ಹೆಂಗಸೊಬ್ಬಳು ಬಂದಳು. ಬಸ್ಸಿಗೆ ಹೊರಟವಳು, ಅವಸರದಲ್ಲಿದ್ದಳು. ಹಾಸಿಗೆ ಪಕ್ಕ ಇಡಲು ಒಂದು ಸಣ್ಣ ದೀಪ ಬೇಕಂತೆ. ಕರೆಂಟು ಹೋದರೆ ಕೂಸು ಅಳುತ್ತದಂತೆ.

"ಹಳೇ ಸಾಮಾನು ಅಲ್ವಾ ಅಕ್ಕ? ಚೆನ್ನಾಗಿ ಬರುತ್ತಾ?" ಅಂದಳು.

"ನಮ್ಮ ಯಜಮಾನ್ರು ಕೈಯಾರೆ ರಿಪೇರಿ ಮಾಡಿದ್ದು. ಕಣ್ಮುಚ್ಚಿಕೊಂಡು ತಗೊಂಡು ಹೋಗಮ್ಮ," ಅಂದೆ.

ಅವಳು ತಗೊಂಡು ಹೋದಳು. ಕೂಸು ನನ್ನ ಕಡೆ ನೋಡಿ ಜೊಲ್ಲು ಸುರಿಸಿತು.

ಮೂರನೆಯ ವಾರ ಬಸ್ ನಿಲ್ದಾಣದ ಚಹಾ ಅಂಗಡಿಯವನು ನನ್ನ ಪ್ಯಾಕೆಟುಗಳನ್ನು ಚೀಲ ಸಮೇತ ವಾಪಸು ಕೊಟ್ಟ. "ಅಕ್ಕ, ಬೇಜಾರಾಗಬೇಡಿ. ಕಡಲೆಕಾಯಿ ಬೀಜಕ್ಕೆ ನೇಲ್ ಪಾಲಿಷ್ ವಾಸನೆ ಬರ್ತಿದೆ. ಗಿರಾಕಿಗಳು ಉಗೀತಿದಾರೆ."

ಮೈಯೆಲ್ಲ ಉರಿದುಹೋಯಿತು. ಹನ್ನೆರಡು ವರ್ಷದಲ್ಲಿ ಒಂದು ಮುಗ್ಗಲು ಬೀಜ ಹಾಕಿದವಳಲ್ಲ ನಾನು. ಮನೆಗೆ ಬಂದವಳೇ ಮಗಳ ಮೇಲೆ ಹರಿಹಾಯ್ದೆ. ಅವಳಿಗೆ ಆವತ್ತು ರಜೆ, ತಲೆ ಬಾಚಿಕೊಳ್ಳುತ್ತಿದ್ದಳು.

"ಅಡುಗೆಮನೇಲಿ ಕೂತು ಉಗುರಿಗೆ ಬಣ್ಣ ಬಳ್ಕೋತೀಯೇನೇ? ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲೇ!"

"ನಮಗೆ ಫ್ಯಾಕ್ಟರೀಲಿ ಉಗುರು ಬೆಳೆಸೋಕೇ ಬಿಡಲ್ಲ, ಬಣ್ಣ ಎಲ್ಲಿಂದ ಬಳ್ಕೊಳ್ಲಿ?" ಅಂತ ಹತ್ತೂ ಬೆರಳು ನನ್ನ ಮುಖದ ಮುಂದೆ ಹಿಡಿದಳು.

"ಹಂಗಾದ್ರೆ ಅತ್ತೆ ಹಚ್ಕೊಳ್ಳೋ ಮುಲಾಮು."

"ನನ್ನ ಮುಲಾಮಿಗೆ ಬರಬೇಡ," ಅಂದರು ಅತ್ತೆ. "ನನ್ನ ಮಂಡೀಲಿ ನಿನ್ನ ಕಡಲೆಕಾಯಿ ಕಟ್ಟಿಟ್ಕೊಂಡಿದೀನಾ ನಾನು?"

ಮಗಳು ಒಂದು ಪ್ಯಾಕೆಟ್ ಹರಿದು ಮೂಸಿದಳು. ಆಮೇಲೆ ಎದ್ದು ಹೋಗಿ ನನ್ನ ಸೀಲಿಂಗ್ ಮಷೀನಿನ ಬಾಯಿಗೆ ಮೂಗು ಇಟ್ಟಳು.  ಮಷೀನಿನ ಪಟ್ಟಿಯ ಮೇಲೆ ಬೆಳ್ಳಿ ಬಣ್ಣದ ಸಣ್ಣ ಚೂರು ಅಂಟಿಕೊಂಡಿತ್ತು. ಅದನ್ನು ಬೆರಳ ತುದಿಯಲ್ಲಿ ಕಿತ್ತಳು.

"ಅಮ್ಮ, ಇದು ಬ್ಯಾಟರಿ ಒಳಗಿನ ದ್ರವದ ವಾಸನೆ. ಸಿಹಿ ಸಿಹಿಯಾಗಿ ಬರುತ್ತೆ. ಫ್ಯಾಕ್ಟರೀಲಿ ಈ ವಾಸನೆ ಬಂದ್ರೆ ನಾವೆಲ್ಲ ಆಚೆ ಓಡ್ತೀವಿ." ಅಂಗಡಿಯ ಕಡೆ ತಿರುಗಿ ಕೂಗಿದಳು. "ಅಪ್ಪ! ಏನು ಮಾಡ್ತಿದೀಯ ನೀನು?"

ಇವರು ಬಾಗಿಲಲ್ಲಿ ಬಂದು ನಿಂತರು. ಅಡಗಿಸಲೂ ಇಲ್ಲ, ಆ ಮನುಷ್ಯನಿಗೆ ಹೆಮ್ಮೆ! "ನೀವು ಮಾಡೋದನ್ನೇ ಮಾಡ್ತಿದೀನಿ. ಸೂಜೀಲಿ ತೂತು ಮಾಡ್ತೀನಿ, ಒತ್ತಿ ಗಾಳಿ ತೆಗೀತೀನಿ, ನಿಮ್ಮಮ್ಮನ ಮಷೀನಲ್ಲಿ ಅಂಟಿಸ್ತೀನಿ. ಚಪ್ಪಟೆಯಾಗಿ ಕೂರುತ್ತೆ. ಮೂವತ್ತು ವರ್ಷ ಬ್ಯಾಟರಿ ಮುಚ್ಚಳ ಬಿಚ್ಚಿ ಗಾಳಿ ಬಿಟ್ಟವನು ನಾನು. ಗಾಳಿ ಬಿಟ್ರೆ ಬ್ಯಾಟರಿ ಬದುಕುತ್ತೆ. ನನಗೆ ಹೇಳಿಕೊಡಬೇಡ."

"ಅದು ನೀರಿನ ಬ್ಯಾಟರಿ ಅಪ್ಪ! ಇದು ಬೇರೆ! ನಾವು ಗಾಳಿ ತೆಗೆಯೋದು ಆಗ ತಾನೇ ಹುಟ್ಟಿದ ಬ್ಯಾಟರಿಗೆ, ಒಂದೇ ಸಲ, ಒಂದು ತೊಟ್ಟು ತೇವ ಇರದ ರೂಮಲ್ಲಿ. ನಮ್ಮ ಉಸಿರು ಕೂಡ ತಾಗಬಾರದು ಅಂತ ಮೂತಿ ಕಟ್ಕೊಂಡಿರ್ತೀವಿ. ನಿನ್ನ ಹತ್ರ ಬರೋದು ಒಳಗೇ ಕೊಳೆತು ಊದಿದ್ದು. ತೂತು ಮಾಡಿದ್ರೆ ಒಳಗೆ ತೇವ ಸೇರುತ್ತೆ. ಒತ್ತಿದ್ರೆ ಒಳಗಿನ ಪದರ ಒಂದಕ್ಕೊಂದು ತಾಗುತ್ತೆ. ಇವತ್ತಲ್ಲ ನಾಳೆ ಹತ್ಕೊಳ್ಳುತ್ತೆ!"

"ಮೊಳೆ ಹೊಡೆದ್ರೂ ಉರಿಯಲ್ಲ ಅಂದೋಳು ಯಾರು? ಈ ಮನೇಲಿ ಕೂತು, ಇದೇ ತಟ್ಟೆ ಮುಂದೆ?"

"ಅದು ಹೊಸ ಥರದ್ದು ಅಂದೆ! ಪೇಟೆಗೆ ಬಂದಿಲ್ಲ ಅಂದೆ! ಕಿವಿ ಎಲ್ಲಿಟ್ಟಿದ್ದೆ?"

"ಓಹೋ. ನಿಮ್ಮ ಫ್ಯಾಕ್ಟರಿ ಮಾಡಿದ್ರೆ ವಿಜ್ಞಾನ, ನಿಮ್ಮಪ್ಪ ಮಾಡಿದ್ರೆ ಮೋಸ."

"ಎಷ್ಟು ಮಾರಿದೀಯ? ಯಾರ್ಯಾರಿಗೆ?"

"ನಿನಗ್ಯಾಕೆ ಲೆಕ್ಕ? ನಾನೇನು ನಿನ್ನ ಕೈಕೆಳಗೆ ಕೆಲಸಕ್ಕಿದೀನಾ? ಹೆತ್ತ ತಾಯಿ ರೇಡಿಯೋಗೂ ಅದನ್ನೇ ಹಾಕಿದೀನಿ. ಕೆಟ್ಟದ್ದಾಗಿದ್ರೆ ಹಾಕ್ತಿದ್ನಾ?"

ಮಗಳು ಮಂಚದ ಹತ್ತಿರ ಹಾರಿದಳು. ಅತ್ತೆ ರೇಡಿಯೋವನ್ನು ಎದೆಗೆ ಅವಚಿಕೊಂಡು ಬೊಬ್ಬೆ ಹಾಕಿದರು. "ಮುಟ್ಟಿದ್ರೆ ನೋಡು! ನನ್ನ ಮಗ ರಿಪೇರಿ ಮಾಡಿಕೊಟ್ಟಿದ್ದು!" ಎಳೆದಾಟದಲ್ಲಿ ಅತ್ತೆಯ ತಲೆ ಗೋಡೆಗೆ ತಾಗಿತು. ಇವರು ಬಂದು ಮಗಳ ಕೆನ್ನೆಗೆ ಹೊಡೆದರು. ಹುಟ್ಟಿದಾಗಿನಿಂದ ಹೊಡೆದವರಲ್ಲ.

 ರೇಡಿಯೋದಲ್ಲಿ ಯಾರೋ ಸೋಪಿನ ಜಾಹೀರಾತು ಹಾಡುತ್ತಿದ್ದರು. ಮಗಳು ಎರಡು ಜೊತೆ ಬಟ್ಟೆ ಚೀಲಕ್ಕೆ ತುರುಕಿದಳು. ಜೊತೆ ಕೆಲಸದವಳ ರೂಮಿಗೆ ಹೋಗುತ್ತೇನೆ ಅಂದಳು.

"ಅಮ್ಮ, ಆ ರೇಡಿಯೋ ತೆಗೆದುಬಿಡು. ಊದಿದ್ರೆ, ವಾಸನೆ ಬಂದ್ರೆ, ಕೈಯಲ್ಲಿ ಮುಟ್ಟಬೇಡ. ಮರಳಲ್ಲಿ ಹೂತುಬಿಡು. ಕೇಳಿಸ್ತಾ?"

ಕೇಳಿಸಿತು. ಐದು ದಿನ ನಾನು ತೆಗೆಯಲಿಲ್ಲ. ಯಾಕೆ ಅಂತ ನನ್ನನ್ನೇ ಬೈದುಕೊಂಡು ಕೇಳಿದ್ದೇನೆ. ಅತ್ತೆಯ ಬಾಯಿಗೆ ಹೆದರಿದೆ ಅಂತ ಹೇಳಬಹುದು. ನಿಜ ಹೇಳಬೇಕೆಂದರೆ ಮಗಳ ಮೇಲೂ ಸಿಟ್ಟಿತ್ತು. ನಿನ್ನೆ ಮೊನ್ನೆ ಕಲಿತು ಬಂದವಳು ಅಪ್ಪನಿಗೆ ಕಿವಿ ಎಲ್ಲಿಟ್ಟಿದ್ದೆ ಅನ್ನುವುದಾ ಅಂತ. ಮೂವತ್ತು ವರ್ಷ ಜೊತೆಗಿದ್ದ ಗಂಡನೇ ಸರಿ ಇರಬಹುದು ಅಂತ ಅರ್ಧ ಮನಸ್ಸು. ಅಂಗಡಿ ನಡೆಯುತ್ತಿತ್ತಲ್ಲ, ಆ ಆಸೆ ಉಳಿದರ್ಧ.

 ಮಗಳ ಪಾಲಿನ ಅನ್ನ ದಿನವೂ ಉಳಿಯುತ್ತಿತ್ತು. ನಾನು ಅಳತೆ ಕಡಿಮೆ ಮಾಡಲಿಲ್ಲ.

"ಬೇಕಂತಲೇ ಜಾಸ್ತಿ ಮಾಡ್ತೀಯ ನೀನು," ಅಂದರು ಇವರು.

"ಹೌದು. ಬೇಕಂತಲೇ."

ಆರನೆಯ ದಿನ, ಮಧ್ಯಾಹ್ನ. ಅತ್ತೆ ಊಟ ಮಾಡಿ, ರೇಡಿಯೋವನ್ನು ಚಾರ್ಜಿಗೆ ಸಿಕ್ಕಿಸಿ, ದಿಂಬಿನ ಪಕ್ಕ ಇಟ್ಟುಕೊಂಡು ಕಣ್ಣು ಮುಚ್ಚಿದ್ದರು. ನಾನು ಹಿತ್ತಿಲಲ್ಲಿ ಬಾಣಲೆಯ ಮರಳು ಜರಡಿ ಹಿಡಿಯುತ್ತಿದ್ದೆ. ಒಳಗಿನಿಂದ ಟಕ್ ಅಂತ ಸದ್ದು ಬಂತು. ಇಲಿ ಅಂದುಕೊಂಡೆ. ಆಮೇಲೆ ವಾಸನೆ ಬಂತು, ಅದೇ ಸಿಹಿ ವಾಸನೆ.

ಓಡಿದೆ. ರೇಡಿಯೋದ ಹಿಂಬದಿಯ ಮುಚ್ಚಳ ಎದ್ದು ನಿಂತಿತ್ತು. ಒಳಗಿಂದ ಬೆಳ್ಳಿ ಚೀಲ ಉಬ್ಬಿ ಹೊರಗೆ ಬಂದು ಸುಯ್ ಅನ್ನುತ್ತಿತ್ತು. ಅತ್ತೆಯ ಕೆನ್ನೆಗೂ ಅದಕ್ಕೂ ಒಂದು ಗೇಣು. ವೈರು ಕಿತ್ತೆ, ಒಲೆಯ ಇಕ್ಕಳ ತಂದೆ, ರೇಡಿಯೋ ಹಿಡಿದು ಎತ್ತುವಷ್ಟರಲ್ಲಿ ಅದು ಹೊತ್ತಿಕೊಂಡಿತು. ಬೆಂಕಿ ಅಂದರೆ ಒಲೆಯ ಬೆಂಕಿಯಲ್ಲ, ನಳದಿಂದ ನೀರು ಚಿಮ್ಮಿದ ಹಾಗೆ ಚಿಮ್ಮಿತು. ಅದನ್ನು ಹಿಡಿದುಕೊಂಡೇ ಅಡುಗೆಮನೆ ದಾಟಿ ಹಿತ್ತಿಲಿಗೆ ಓಡಿ ಬಾಣಲೆಗೆ ಎಸೆದು ಮೇಲೆ ಮರಳು ಸುರಿದೆ. ಮರಳಿನ ಅಡಿಯಿಂದಲೂ ಕಪ್ಪು ಹೊಗೆ ಬರುತ್ತಲೇ ಇತ್ತು. ನನ್ನ ಎಡಗೈಯ ಮೂರು ಬೆರಳು ಬೆಂದಿದ್ದು ಗೊತ್ತಾದದ್ದು ಆಮೇಲೆ.

ಇವರು ಬಂದರು. ಬಾಣಲೆ ನೋಡಿದರು. ಒಳಗೆ ಹೋಗಿ ದಿಂಬು ನೋಡಿದರು. ದಿಂಬಿನ ಮೂಲೆ ಸುಟ್ಟು ಕರಕಲಾಗಿತ್ತು. ಅತ್ತೆಯ ಕಿವಿಯ ಮೇಲಿನ ಕೂದಲು ಒಂದಷ್ಟು ಸುರುಟಿಕೊಂಡಿತ್ತು. ಅತ್ತೆ ಎದ್ದು ಕೂತು ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನನ್ನ ಸುಡೋಕೆ ಇನ್ನೂ ಟೈಮಿತ್ತಲ್ಲೋ," ಅಂದರು. "ಅಷ್ಟೇನು ಅರ್ಜೆಂಟಿತ್ತು ನಿನಗೆ?"

ಇವರು ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತುಬಿಟ್ಟರು. ನನಗೆ ಕನಿಕರ ಬರಲಿಲ್ಲ. ಬೆರಳು ಉರಿಯುತ್ತಿತ್ತು, ಹೊಟ್ಟೆ ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು.

"ಕೂತ್ಕೋಬೇಡಿ!" ಅಂತ ಕಿರುಚಿದೆ. "ಅಲ್ಲಿ ಯಾರ ದಿಂಬಿನ ಪಕ್ಕ ಏನಿದೆಯೋ! ಎದ್ದೇಳಿ! ಎಷ್ಟು ಮಾರಿದೀರಿ?"

"ರಿಪೇರಿದು, ಮಾರಿದ್ದು ಎಲ್ಲ ಸೇರಿ ಎಂಟು," ಅಂದರು. 

ಮಗಳಿಗೆ ಫೋನ್ ಮಾಡಿದೆ. ಅರ್ಧ ದಿನದ ರಜೆ ಹಾಕಿ ಬಂದಳು. ನನ್ನ ಬೆರಳಿಗೆ ಔಷಧಿ ಹಚ್ಚಿ ಬಟ್ಟೆ ಸುತ್ತಿದಳು, ಅಪ್ಪನ ಮುಖ ನೋಡಲಿಲ್ಲ. ಹಳೆಯ ಎಣ್ಣೆ ಡಬ್ಬಕ್ಕೆ ನನ್ನ ಮರಳು ತುಂಬಿ ಅಪ್ಪನ ಕೈಗೆ ಕೊಟ್ಟಳು. "ನಡಿ," ಅಂದಳು, ಅಷ್ಟೇ. ಅಂಗಡಿಗೆ ಬೀಗ ಹಾಕಿಸಿದಳು. ನಾನೂ ಹಿಂದೆ ಹೋದೆ.

ಡಾಕ್ಟ್ರ ಹತ್ತಿರ ಚೀಟಿ ಇಲ್ಲ, ಪುಸ್ತಕ ಇಲ್ಲ. ಎಲ್ಲ ತಲೆಯಲ್ಲಿ. ಮನುಷ್ಯರ ಮುಖ ಮರೆತರೂ ಅವರ ಬ್ಯಾಟರಿ ಮರೆಯುವವರಲ್ಲ, ಅಷ್ಟು ಮಾತ್ರ ಒಪ್ಪಬೇಕು. ಮೊದಲು ದರ್ಜಿಯ ಅಂಗಡಿಗೆ ಹೋದೆವು. ಇವರು ಬಾಗಿಲಲ್ಲಿ ನಿಂತು ಕೆಮ್ಮಿದರು.

"ಆ ದೀಪ ಸ್ವಲ್ಪ ಕೊಡಪ್ಪ. ಚೆಕ್ ಮಾಡಬೇಕು."

"ಯಾಕೆ ಡಾಕ್ಟ್ರೇ, ಚೆನ್ನಾಗೇ ಉರೀತಿದೆ. ನಾಳೆ ನೋಡೋಣ ಬಿಡಿ, ಕೈಯಲ್ಲಿ ಕೆಲಸ ಇದೆ."

ಇವರು ಹಿಂದೆ ತಿರುಗಿದರು. ಮಗಳು ಅಡ್ಡ ನಿಂತಿದ್ದಳು.

"ನಿಜ ಹೇಳು ಅಪ್ಪ. ಚೆಕ್ ಗಿಕ್ ಅಂದ್ರೆ ಯಾರೂ ಕೊಡಲ್ಲ."

 "ನಾನು ಮಾಡಿದ್ದು ತಪ್ಪಾಗಿದೆ," ಅಂದರು ಇವರು ದರ್ಜಿಗೆ. "ಅದು ಹತ್ಕೊಳ್ಳುತ್ತೆ. ನಮ್ಮನೇಲಿ ಒಂದು ಹತ್ಕೊಂಡಿದೆ."

ದರ್ಜಿ ಸುತ್ತ ಇದ್ದ ಬಟ್ಟೆ ರಾಶಿ ನೋಡಿದ. ಆಮೇಲೆ ದೀಪವನ್ನು ಎರಡು ಬೆರಳಲ್ಲಿ ಹಿಡಿದು ತಂದು ಡಬ್ಬದಲ್ಲಿಟ್ಟ. ಬಾಯಿಗೆ ಬಂದಹಾಗೆ ಬೈದ. ಇವರು ತಲೆ ತಗ್ಗಿಸಿ ನಿಂತರು. ಹಾಗೆ ಏಳು ಕಡೆ. ಚಹಾ ಅಂಗಡಿಯವನ ಸ್ಪೀಕರು, ಕಾವಲುಗಾರನ ಟಾರ್ಚು, ಟ್ಯೂಷನ್ ಹೇಳುವ ಮೇಡಮ್ಮಿನ ಮೇಜಿನ ದೀಪ, ಇನ್ನೇನೇನೋ. ಟ್ಯೂಷನ್ ಮೇಡಮ್ಮು ಮಾತ್ರ ಬೈಯಲಿಲ್ಲ. "ನಿಮ್ಮ ಮೇಲೆ ನಂಬಿಕೆ ಇತ್ತು" ಅಂದು ಬಾಗಿಲು ಹಾಕಿಕೊಂಡರು. ಆ ಮೆಟ್ಟಿಲು ಇಳಿಯುವಾಗ ಇವರು ಎರಡು ಸಲ ಮುಗ್ಗರಿಸಿದರು. ಮಗಳು ತೋಳು ಹಿಡಿದಳು. ಸಮತಟ್ಟು ನೆಲ ಸಿಕ್ಕ ಕೂಡಲೇ ಬಿಟ್ಟಳು.

ಡಬ್ಬ ಹಿತ್ತಿಲಲ್ಲಿಟ್ಟು ಊಟಕ್ಕೆ ಕೂತೆವು. ಮಗಳು ಮನೆಯಲ್ಲೇ ಉಳಿದಳು. ಅಪ್ಪನಿಗೆ ಬೆನ್ನು ಹಾಕಿ ಕೂತಳು.

"ನಾನು ಬಾಯಿ ಬಿಡಬಾರದಿತ್ತು," ಅಂದಳು ನನಗೆ.

"ನೀನು ಪೂರ್ತಿ ಹೇಳಿದ್ದೆ. ಅರ್ಧ ಕೇಳಿಸಿಕೊಂಡವರು ಅವರು," ಅಂದೆ, ಅವರಿಗೂ ಕೇಳಲಿ ಅಂತ. "ಏನ್ರೀ, ಏಳಾಯ್ತು. ಎಂಟನೇದು ಎಲ್ಲಿ? ಅದೊಂದನ್ನ ಯಾಕೆ ಮುಚ್ಚಿಡ್ತಿದೀರಿ?"

ಇವರು ತಟ್ಟೆಯಿಂದ ತಲೆ ಎತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅದನ್ನ ನಾನು ಮಾರಿಲ್ಲ ಕಣೇ," ಅಂದರು. "ನಾನು ಊಟಕ್ಕೆ ಬಂದಿದ್ದೆ. ಯಾರಿಗೆ ಕೊಟ್ಟೆ ನೀನು?"

 ಸೊಂಟದ ಮೇಲಿನ ಕೂಸು, ಅದರ ಜೊಲ್ಲು, ಕಣ್ಮುಚ್ಚಿಕೊಂಡು ತಗೊಂಡು ಹೋಗಮ್ಮ. ಹೆಸರು ಕೇಳಿರಲಿಲ್ಲ. ಯಾವ ಬಸ್ಸು ಅಂತ ನೋಡಿರಲಿಲ್ಲ. ಅಷ್ಟು ದಿನ ಗಂಡನನ್ನು ಬೈದ ಬೈಗುಳವೆಲ್ಲ ನನ್ನ ಬಾಯಿಗೇ ವಾಪಸು ಬಂದು ತುಂಬಿಕೊಂಡವು. 

ಆಮೇಲಿನ ಎರಡು ವಾರ ನಾನು ಮನುಷ್ಯಳಾಗಿರಲಿಲ್ಲ. ಬಸ್ ನಿಲ್ದಾಣದಲ್ಲಿ ನಿಂತು ಕೂಸು ಎತ್ತಿಕೊಂಡ ಹೆಂಗಸರ ಮುಖವೆಲ್ಲ ನೋಡಿದೆ. ಕಂಡಕ್ಟರುಗಳನ್ನು ಕೇಳಿದೆ. "ಕೂಸಿರೋ ಹೆಂಗಸು ಅಂದ್ರೆ ಹೆಂಗೆ ಹುಡುಕೋದಮ್ಮ, ಬಸ್ ತುಂಬಾ ಅವರೇ" ಅಂದ ಒಬ್ಬ. ಸೀಲಿಂಗ್ ಮಷೀನನ್ನು ಗುಜರಿಗೆ ಹಾಕಿದ್ದೆ, ಪ್ಯಾಕೆಟಿನ ಬಾಯಿಗೆ ದಾರ ಕಟ್ಟುತ್ತಿದ್ದೆ. ಪ್ರತಿ ಪ್ಯಾಕೆಟಿನೊಳಗೆ ಮಗಳು ಬರೆದುಕೊಟ್ಟ ಚೀಟಿ ಹಾಕಿದೆ. ಬ್ಯಾಟರಿ ಡಾಕ್ಟ್ರ ಅಂಗಡಿಯಲ್ಲಿ ಹಾಸಿಗೆ ಪಕ್ಕದ ದೀಪ ಕೊಂಡ ತಾಯಿ, ಅದನ್ನು ಚಾರ್ಜಿಗೆ ಹಾಕಬೇಡಿ, ಮನೆಯಿಂದ ಆಚೆ ಇಡಿ, ನಮಗೆ ತಿಳಿಸಿ. ಚಹಾ ಅಂಗಡಿಯವನು ಕನಿಕರಕ್ಕೋ ಏನೋ ಮತ್ತೆ ನನ್ನ ಪ್ಯಾಕೆಟ್ ಇಟ್ಟುಕೊಂಡ. ಚೀಟಿ ಓದಿದವರು ನಕ್ಕರಂತೆ. ಒಬ್ಬ ಲಾಟರಿ ಅಂದುಕೊಂಡನಂತೆ. ಯಾವ ದಿಕ್ಕಿನಲ್ಲಿ ಹೊಗೆ ಕಂಡರೂ ಆ ಕಡೆಗೆ ಓಡುತ್ತಿದ್ದೆ. ಇವರು ಅಂಗಡಿ ತೆಗೆದಿಟ್ಟುಕೊಂಡು ಕೂರುತ್ತಿದ್ದರು, ಒಂದೂ ಬ್ಯಾಟರಿ ಮುಟ್ಟದೆ, ಅವಳೊಬ್ಬಳು ಬರಲಿ ಅಂತ.

ಬಂದಳು. ಹದಿನಾಲ್ಕನೆಯ ದಿನ, ಬೆಳಿಗ್ಗೆ ಹತ್ತರ ಹೊತ್ತಿಗೆ. ಚೀಟಿ ಗೀಟಿ ಓದಿ ಬಂದವಳಲ್ಲ. ನಾನು ಹಿತ್ತಿಲಲ್ಲಿ ಬೀಜ ಹುರಿಯುತ್ತಿದ್ದೆ. ಅಂಗಡಿಯಿಂದ ಹೆಂಗಸಿನ ಗಂಟಲು ಕೇಳಿಸಿತು.

"ಏನ್ ಸಾಮಾನು ಇದು! ಹದಿನೈದು ನಿಮಿಷ ಉರಿಯಲ್ಲ! ಬಡವರ ಕಣ್ಣಿಗೆ ಮಣ್ಣೆರಚ್ತೀರಾ?"

ಸೌಟು ಬಿಸಾಕಿ ಓಡಿ ಬಂದೆ. ಅವಳೇ. ಕೂಸು ಸೊಂಟದ ಮೇಲಿತ್ತು, ಎರಡು ಹಲ್ಲು ಬಂದಿತ್ತು. ದೀಪ ಕಟ್ಟೆಯ ಮೇಲಿತ್ತು, ಹೊಟ್ಟೆ ಬಿರಿಯುವ ಹಾಗೆ ಊದಿತ್ತು. ಇವರು ಕಪಾಟಿನಿಂದ ಹೊಚ್ಚಹೊಸ ದೀಪ ತೆಗೆದು ಅವಳ ಮುಂದೆ ಇಡುತ್ತಿದ್ದರು.

"ತಪ್ಪಾಯ್ತಮ್ಮ. ಇದು ಕಂಪನೀದು, ಹೊಸದು. ದುಡ್ಡು ಬೇಡ."

ಅವಳ ಮುಖ ಸ್ವಲ್ಪ ಸಡಿಲವಾಯಿತು. ಹೊಸ ದೀಪ ತಿರುಗಿಸಿ ನೋಡಿದಳು. ಇನ್ನೊಂದು ನಿಮಿಷಕ್ಕೆ ಮೆಟ್ಟಿಲು ಇಳಿದು ಹೋಗುತ್ತಿದ್ದಳು. ಇವರು ನನ್ನ ಕಡೆ ನೋಡಿದರು. ಮಾತಾಡಬೇಡ, ಸಿಕ್ಕಿತಲ್ಲ, ಹೋಗಲಿ ಬಿಡು ಅಂತ ಆ ಕಣ್ಣು. ಏಳು ಬಾಗಿಲಲ್ಲಿ ಬೈಸಿಕೊಂಡ ಮನುಷ್ಯ, ಎಂಟನೆಯದರಲ್ಲಿ ದಣಿದಿದ್ದರು. ಹೇಳದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ನನಗೂ ಹಾಗೆ ಅನ್ನಿಸಿತು, ಒಂದು ಉಸಿರಿನಷ್ಟು ಹೊತ್ತು.

ಒಲೆಯ ಇಕ್ಕಳದಿಂದ ಹಳೆಯ ದೀಪ ಎತ್ತಿ ಮರಳಿನ ಡಬ್ಬಕ್ಕೆ ಹಾಕಿ ಮುಚ್ಚಿದೆ.

"ಅಮ್ಮಾ, ಇದು ಕೆಟ್ಟು ಹೋಗಿದ್ದಲ್ಲ," ಅಂದೆ. "ಇದು ಬೆಂಕಿ. ಊದಿದ ಬ್ಯಾಟರೀನ ಇವರು ತೂತು ಮಾಡಿ ಗಾಳಿ ತೆಗೆದು ಅಂಟಿಸಿದ್ರು. ಇಂಥದ್ದೇ ಒಂದು ನಮ್ಮತ್ತೆ ಕಿವಿ ಹತ್ರ ಹತ್ಕೊಂಡು ಉರೀತು. ಗೊತ್ತಿಲ್ಲದೆ ನಿನಗೆ ಕೊಟ್ಟವಳು ನಾನು."

ಬಟ್ಟೆ ಸುತ್ತಿದ ನನ್ನ ಬೆರಳು ಅವಳಿಗೆ ಕಾಣಿಸಿತು. ಡಬ್ಬ ನೋಡಿದಳು. ಕೂಸನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಎತ್ತಿಕೊಂಡಳು, ಡಬ್ಬದಿಂದ ದೂರದ ಕಡೆಗೆ.

"ಇದನ್ನ ಬಾಯಲ್ಲಿ ಹಾಕ್ಕೊಂಡು ಕಚ್ತಿತ್ತು ನನ್ನ ಮಗು," ಅಂದಳು ಮೆಲ್ಲಗೆ. "ಹಲ್ಲು ಬರ್ತಿದೆ ಅಂತ ನಾನೇ ಕೊಡ್ತಿದ್ದೆ." ಆಮೇಲೆ ಅವಳ ಧ್ವನಿ ಏರಿತು. "ಕಣ್ಮುಚ್ಚಿಕೊಂಡು ತಗೊಂಡು ಹೋಗು ಅಂದೋಳು ನೀನೇ ಅಲ್ವಾ? ನೀನೇ ಅಲ್ವಾ?"

"ನಾನೇ."

ಶುರು ಮಾಡಿದಳು. ನನ್ನನ್ನು, ನನ್ನ ಗಂಡನನ್ನು, ನಮ್ಮ ಅಂಗಡಿಯನ್ನು, ನಮ್ಮನ್ನು ಹೆತ್ತವರನ್ನು, ಯಾರನ್ನೂ ಬಿಡಲಿಲ್ಲ. ಬೀದಿಯ ಜನ ಕೂಡಿದರು. ದರ್ಜಿ ಮಷೀನು ನಿಲ್ಲಿಸಿ ಬಂದ. ಕೂಸು ಅಮ್ಮನ ಬಾಯನ್ನು ಕೈಯಲ್ಲಿ ಹಿಡಿಯಲು ನೋಡುತ್ತಿತ್ತು. ಅದರ ಕೈ ದುಂಡಗಿತ್ತು, ಚರ್ಮದ ಮೇಲೆ ಒಂದು ಗೀರು ಕೂಡ ಇರಲಿಲ್ಲ. ನಾನು ಅದನ್ನೇ ನೋಡುತ್ತಾ ನಿಂತೆ. ಅವಳು ಬೈದದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಒಂದು ಮಾತೂ ಸಾಕೆನಿಸಲಿಲ್ಲ.

ಇವರು ಕೈ ಮುಗಿದರು. "ಸಾಕು ಬಿಡಮ್ಮ, ಬುದ್ಧಿ ಬಂತು ನಮಗೆ..."

"ನೀವು ಸುಮ್ನಿರ್ರೀ," ಅಂದೆ. "ಅವಳದ್ದು ಇನ್ನೂ ಮುಗಿದಿಲ್ಲ."